ಬೈಕಿಗೆ ಪ್ರಾಯ ಮುಖ್ಯವೋ, ಕೈ ಪಳಗಿದ್ದು ಮುಖ್ಯವೋ?

ಈ ಸಲದ ಪಿ.ಟಿ.ಎ. ಸಭೆ ಮಧ್ಯಾಹ್ನದ ಊಟದ ಲೆಕ್ಕ, ಶೌಚಾಲಯದ ಬಾಗಿಲು ಇತ್ಯಾದಿ ಮುಗಿದ ಮೇಲೆ ಬೇರೆಯೇ ದಾರಿ ಹಿಡಿಯಿತು. ಹತ್ತನೇ ತರಗತಿಯ ಹುಡುಗನೊಬ್ಬ ಸ್ಕೂಟರನ್ನು ಅಂಗಡಿಯ ಹಿಂದೆ ನಿಲ್ಲಿಸಿ, ಅಲ್ಲಿಂದ ಸಾಧುವಿನಂತೆ ನಡೆದು ಶಾಲೆಗೆ ಬರುತ್ತಾನೆಂದು ನಮಗೆ ಗೊತ್ತಾಗಿತ್ತು. ವಿಷಯವನ್ನು ಅವನ ತಂದೆಯ ಮುಂದಿಟ್ಟೆವು. ಅವರು ಸಿಟ್ಟಾಗಲಿಲ್ಲ. ನಗುತ್ತ ಹೇಳಿದರು: "ಮಾಷ್ಟ್ರೇ, ಅವ ನನಗಿಂತ ಚಂದ ಬಿಡುತ್ತಾನೆ. ಎರಡು ವರ್ಷ ಆಯಿತು, ಗಾಡಿಗೆ ಒಂದು ಗೀರು ಆಗಲಿಲ್ಲ. ಹದಿನೆಂಟು ಆದ ಕೂಡಲೇ ಬುದ್ಧಿ ಬರುವುದುಂಟಾ? ಕೈ ಪಳಗಬೇಕು, ಅಷ್ಟೇ."

ಸಭೆಯಲ್ಲಿ ಅರ್ಧ ಮಂದಿ ತಲೆಯಾಡಿಸಿದರು. ನಮಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಕಾನೂನು ಹೀಗೆ ಹೇಳುತ್ತದೆ ಎಂದು ಮಾತು ಮುಗಿಸಿದೆವು. ಆದರೆ ಪ್ರಶ್ನೆ ಮನೆಯವರೆಗೂ ಬಂತು. ಸಮಾಜ ಪಾಠ ಮಾಡುವವರಿಗೆ ಯಾವ ಪ್ರಶ್ನೆ ಬಂದರೂ ಅದರ ಚರಿತ್ರೆ ಹುಡುಕುವ ಚಾಳಿ. ಹುಡುಕಿದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಾನೂನು ಮೊದಲು ನೋಡಿದ್ದು ಪ್ರಾಯವನ್ನು, ಕೌಶಲವನ್ನಲ್ಲ. ಬ್ರಿಟನ್ನಿನಲ್ಲಿ 1903ರಲ್ಲಿ ಮೋಟಾರು ಕಾರು ಕಾಯಿದೆ ಬಂತು. ಕಾರಿಗೆ 17 ವರ್ಷ, ಮೋಟಾರ್ ಸೈಕಲ್ಲಿಗೆ 14 ವರ್ಷ ಆಗಿದ್ದರೆ ಸಾಕು! ಐದು ಶಿಲ್ಲಿಂಗ್ ಕೊಟ್ಟರೆ ಲೈಸನ್ಸ್. ಗಾಡಿ ಬಿಡಲು ಬರುತ್ತದೋ ಇಲ್ಲವೋ ಎಂದು ಕೇಳುವವರೇ ಇರಲಿಲ್ಲ. ಮೋಟಾರ್ ಸೈಕಲ್ಲಿನ ಪ್ರಾಯವನ್ನು 16ಕ್ಕೆ ಏರಿಸಿದ್ದು 1930ರಲ್ಲಿ. ಚಾಲನಾ ಪರೀಕ್ಷೆ ಕಡ್ಡಾಯವಾದದ್ದು 1935ರ ಜೂನ್ 1ರಂದು.

ಆ ದಿನಕ್ಕೆ ಎರಡು ವಾರ ಮೊದಲೇ ಒಂದು ಸಾವು ಸಂಭವಿಸಿತ್ತು. 'ಲಾರೆನ್ಸ್ ಆಫ್ ಅರೇಬಿಯಾ' ಎಂದು ಪ್ರಸಿದ್ಧರಾದ ಟಿ. ಇ. ಲಾರೆನ್ಸ್ ಮೇ 13ರಂದು ತಮ್ಮ ಮನೆಯ ಹತ್ತಿರದ ರಸ್ತೆಯಲ್ಲಿ ಬೈಕಿನಿಂದ ಬಿದ್ದರು. ರಸ್ತೆಯ ತಗ್ಗಿನಲ್ಲಿ ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರು ಕಾಣದೆ, ತಪ್ಪಿಸಲು ಹೋದಾಗ ಆದ ಅಪಘಾತ ಅದು. ಮೇ 19ರಂದು ತೀರಿಕೊಂಡರು. ಪ್ರಾಯ 46. ಅದು ಅವರ ಏಳನೆಯ ಬ್ರೌ ಸುಪೀರಿಯರ್ ಬೈಕು. ಎಂದರೆ ಪ್ರಾಯವೂ ಇತ್ತು, ಕೈಯೂ ಪಳಗಿತ್ತು, ರಸ್ತೆಯೂ ಮನೆ ಬಾಗಿಲಿನದ್ದೇ. ಇಲ್ಲದ್ದು ಹೆಲ್ಮೆಟ್. ಅವರನ್ನು ಉಳಿಸಲು ಯತ್ನಿಸಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರಚಿಕಿತ್ಸಕರೂ ಇದ್ದರು. ಮುಂದೆ ಅವರು ಬೈಕಿನ ಅಪಘಾತಗಳಲ್ಲಿ ತಲೆಗೆ ಆಗುವ ಗಾಯಗಳನ್ನು ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆಯ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು. ಇದನ್ನು ಓದುವಾಗ ನಮ್ಮ ಪ್ರಾಯವೂ ಅದರ ಆಸುಪಾಸಿನಲ್ಲೇ ಇದೆಯೆಂದು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆವು.

ಇನ್ನು ನಮ್ಮ ದೇಶಕ್ಕೆ ಬರೋಣ. 1939ರ ಮೋಟಾರು ವಾಹನ ಕಾಯಿದೆಯಲ್ಲೇ 18 ವರ್ಷದ ಮಿತಿ ಇತ್ತು. ಆದರೆ ಆಗ ಬೈಕ್ ಇದ್ದ ಮನೆಗಳೆಷ್ಟು? ಇದ್ದರೂ ಹುಡುಗರ ಕೈಗೆ ಅದು ಬಗ್ಗುತ್ತಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ಮಾಡಿತು. ನಮ್ಮ ಸೋದರಮಾವನ ಬಳಿ ಒಂದು ಯೆಜ್ಡಿ ಇತ್ತು. ಪೆಟ್ರೋಲಿಗೆ ಲೆಕ್ಕ ನೋಡಿ ಆಯಿಲ್ ಬೆರೆಸಬೇಕು. ಕಿಕ್ ಹೊಡೆಯುವ ಲಿವರೇ ಗೇರಿನ ಲಿವರು, ಅದನ್ನು ಮಡಚಿ ಗೇರು ಹಾಕಬೇಕು. ಮಳೆಗಾಲದ ಬೆಳಿಗ್ಗೆ ಹತ್ತು ಸಲ ಕಿಕ್ ಹೊಡೆದರೂ ಮಾತಾಡದು. ನಾವು ಪಿ.ಯು.ಸಿ.ಯಲ್ಲಿದ್ದಾಗ ಕಣ್ಣು ತಪ್ಪಿಸಿ ಹೊರಡಿಸಲು ನೋಡಿ ಮೊಣಕಾಲಿಗೆ ಲಿವರಿನ ಪೆಟ್ಟು ತಿಂದದ್ದೇ ಬಂತು. ಗಾಡಿ ಅಂಗಳ ದಾಟಲಿಲ್ಲ. ಅಂದರೆ ಬೈಕ್ ತಾನೇ ಪರೀಕ್ಷೆ ಮಾಡುತ್ತಿತ್ತು. ಕಾಲಿಗೆ ಬಲ ಬರಬೇಕು, ಕೈಗೆ ಅಂದಾಜು ಬರಬೇಕು, ಅಷ್ಟರಲ್ಲಿ ಹದಿನೆಂಟು ದಾಟಿರುತ್ತಿತ್ತು. ಪ್ರಾಯವೂ ಪಳಗುವುದೂ ಒಟ್ಟಿಗೆ ನಡೆಯುತ್ತಿದ್ದ ಕಾಲ ಅದು. ಹಾಗಾಗಿ ಈ ಪ್ರಶ್ನೆಯೇ ಹುಟ್ಟಲಿಲ್ಲ.

ಇವೆರಡನ್ನು ಬೇರೆ ಮಾಡಿದ್ದು ಗೇರಿಲ್ಲದ ಗಾಡಿಗಳು. 1972ರಲ್ಲಿ ಲೂನಾ ಬಂತು, 1980ರಲ್ಲಿ ಟಿವಿಎಸ್ 50 ಬಂತು. ಇವು ನಿಧಾನದ ಜೀವಿಗಳು, ಅಡಿಕೆ ಮೂಟೆ ಹೊತ್ತರೆ ಏರಿನಲ್ಲಿ ನರಳುವಂಥವು. ಆದರೆ 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಬೇರೆಯೇ ಜಾತಿ. ಬಟನ್ ಒತ್ತಿದರೆ ಸ್ಟಾರ್ಟ್, ಕಿವಿ ತಿರುಗಿಸಿದರೆ ಓಟ. ಹೊಸ ಶತಮಾನದ ಹೊತ್ತಿಗೆ ಆಕ್ಟಿವಾ ಬಂತು. ಆಮೇಲಿನದ್ದು ನಮ್ಮ ಪ್ರತಿ ಮನೆಯ ಅಂಗಳದಲ್ಲೇ ಇದೆ.

ಇಲ್ಲಿ ಕಾನೂನು ಒಂದು ತಮಾಷೆ ಮಾಡಿತು. 1988ರ ಕಾಯಿದೆ ಗೇರಿಲ್ಲದ ದ್ವಿಚಕ್ರವನ್ನು 16 ವರ್ಷಕ್ಕೇ ಬಿಡಬಹುದು ಎಂದಿತು. ಗೇರಿಲ್ಲದ್ದು ಸುಲಭ, ಆದ್ದರಿಂದ ಚಿಕ್ಕವರಿಗೆ ಆಗಬಹುದು ಎಂಬ ಲೆಕ್ಕ ಇದ್ದಿರಬೇಕು. ಬಿಡಲು ಸುಲಭವಾದದ್ದು ಬಿದ್ದಾಗಲೂ ಸುಲಭವೇ? 1994ರ ತಿದ್ದುಪಡಿಯಲ್ಲಿ ಅದನ್ನು ಬದಲಿಸಿ 50 ಸಿ.ಸಿ. ಮೀರದ ಎಂಜಿನ್ ಎಂದು ಮಾಡಿದರು. ಇವತ್ತು ಅಂಗಳದಲ್ಲಿರುವ ಸ್ಕೂಟರುಗಳು 110, 125 ಸಿ.ಸಿ.ಯವು. "ಗೇರಿಲ್ಲದ್ದಕ್ಕೆ ಹದಿನಾರು ಸಾಕಲ್ಲ ಮಾಷ್ಟ್ರೇ" ಎನ್ನುವವರು ಈಗಲೂ ನಮ್ಮಲ್ಲಿ ಸಿಗುತ್ತಾರೆ. ಆ ಮಾತಿಗೆ ಮೂವತ್ತು ವರ್ಷದಿಂದ ಬೆಲೆಯಿಲ್ಲ.

ಹಾಗಾದರೆ ಕೌಶಲದ ಪರೀಕ್ಷೆ? ಕೇರಳದಲ್ಲಿ ದ್ವಿಚಕ್ರಕ್ಕೆ 8 ಬರೆಯಬೇಕು. ಕಾಲು ನೆಲಕ್ಕೆ ತಾಗಬಾರದು, ಕಂಬಿ ಬೀಳಬಾರದು. 2024ರವರೆಗೂ ಕೈಯಲ್ಲೇ ಗೇರು ಹಾಕುವ ಬಜಾಜ್ ಎಂ-80 ಗಾಡಿಯಲ್ಲಿ 8 ಬರೆದರೆ ಗೇರಿನ ಬೈಕಿನ ಲೈಸನ್ಸೇ ಸಿಗುತ್ತಿತ್ತು. ಮಾರುಕಟ್ಟೆಯಲ್ಲಿ ನಿಂತು ಎಷ್ಟೋ ಕಾಲವಾದ ಗಾಡಿ ಡ್ರೈವಿಂಗ್ ಸ್ಕೂಲುಗಳಲ್ಲಿ ಮಾತ್ರ ಚಿರಂಜೀವಿಯಾಗಿತ್ತು. ಅದರಲ್ಲಿ ಪಾಸಾದವನು ಮರುದಿನ ಬುಲೆಟ್ ಹತ್ತಿದರೂ ತಡೆಯಿರಲಿಲ್ಲ. 2024ರಲ್ಲಿ 95 ಸಿ.ಸಿ.ಗೆ ಕಡಿಮೆಯಿಲ್ಲದ, ಕಾಲಿನಲ್ಲಿ ಗೇರು ಹಾಕುವ ಬೈಕೇ ಬೇಕೆಂದು ಆದೇಶ ಬಂತು. ಒಳ್ಳೆಯದೇ. ಆದರೂ 8 ಎಂಬುದು ನಿಧಾನಕ್ಕೆ ಹೋಗುವಾಗ ಬೀಳದೆ ಇರುವ ವಿದ್ಯೆ. ಕೈಕಂಬದಿಂದ ಪೈವಳಿಕೆ ದಾಟಿ ಬಾಯಾರಿಗೆ ಬರುವ ರಸ್ತೆಯಲ್ಲಿ ತಿರುವಿನಾಚೆ ಟಿಪ್ಪರ್ ಇರಬಹುದೆಂದು ಮೊದಲೇ ಊಹಿಸುವ ವಿದ್ಯೆ ಬೇರೆ. ಅದನ್ನು ಮೈದಾನದಲ್ಲಿ ಅಳೆಯಲು ಬರುವುದಿಲ್ಲ.

ಈ ಊಹೆಯ ವಿದ್ಯೆಯ ಮೇಲೆ ಬೆಳಕು ಚೆಲ್ಲಿದ್ದು ಅಮೆರಿಕದ ಒಂದು ಅಧ್ಯಯನ. ಹ್ಯಾರಿ ಹರ್ಟ್ ಎಂಬ ಪ್ರೊಫೆಸರರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳನ್ನು ಆದ ಜಾಗಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. 16ರಿಂದ 24 ವರ್ಷದವರು ತಮ್ಮ ಸಂಖ್ಯೆಗೆ ಮೀರಿ ಅಪಘಾತಕ್ಕೆ ಸಿಕ್ಕಿದ್ದರು, 30ರಿಂದ 50ರವರು ಕಡಿಮೆ. ಇದು ಪ್ರಾಯದ ಪಕ್ಷಕ್ಕೆ ಒಂದು ಮತ. ಅಪಘಾತಕ್ಕೆ ಸಿಕ್ಕಿದವರಲ್ಲಿ ಶೇ. 92 ಮಂದಿ ಯಾರಲ್ಲೂ ಕ್ರಮವಾಗಿ ಕಲಿಯದೆ, ತಾವೇ ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು. ಇದು ಪಳಗುವುದರ ಪಕ್ಷಕ್ಕೆ. ಸಭೆಯ ಆ ತಂದೆಗೂ ನಮಗೂ ಒಂದೊಂದು ಮತ ಸಿಕ್ಕಿ ಲೆಕ್ಕ ಸಮವಾಯಿತು ಎನ್ನಬಹುದು. ಆದರೆ ನಮ್ಮ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ. ಸವಾರರಿಗೆ ಒಟ್ಟಾರೆ ಸುಮಾರು ಮೂರು ವರ್ಷದ ಅನುಭವವಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ, ಬಿದ್ದ ಆ ಬೈಕಿನ ಮೇಲೆ ಮಾತ್ರ ಐದು ತಿಂಗಳೂ ಆಗಿರಲಿಲ್ಲ. ಅಪಾಯ ಕಂಡ ಮೇಲೆ ಏನಾದರೂ ಮಾಡಲು ಸಿಗುತ್ತಿದ್ದ ಸಮಯ ಎರಡು ಸೆಕೆಂಡಿಗೂ ಕಡಿಮೆ.

ಇದು ನಮಗೆ ಕೂಡಲೇ ಅರ್ಥವಾಯಿತು, ಏಕೆಂದರೆ ನಾವೇ ಅದಕ್ಕೆ ಸಾಕ್ಷಿ. ಇಪ್ಪತ್ತು ವರ್ಷ ಬೈಕ್ ಬಿಟ್ಟು, ಬೆನ್ನುನೋವೆಂದು 43ನೇ ಪ್ರಾಯದಲ್ಲಿ ಗೇರಿಲ್ಲದ ಸ್ಕೂಟರ್ ಕೊಂಡೆವು. ಎರಡನೇ ತಿಂಗಳು, ಮಳೆ ಬಿಟ್ಟ ಸಂಜೆ, ಪದವಿನಿಂದ ಇಳಿಯುವ ತಿರುವಿನಲ್ಲಿ ದನ ಅಡ್ಡ ಬಂತು. ಬಲಗಾಲು ಬ್ರೇಕು ಹುಡುಕಿತು. ಅಲ್ಲಿ ಬ್ರೇಕಿಲ್ಲ. ಎಡಗೈ ಅಭ್ಯಾಸಬಲದಿಂದ ಕ್ಲಚ್ಚೆಂದು ಲಿವರ್ ಪೂರ್ತಿ ಹಿಡಿಯಿತು. ಸ್ಕೂಟರಿನಲ್ಲಿ ಅದೇ ಹಿಂದಿನ ಬ್ರೇಕು. ರಸ್ತೆಯಂಚಿನ ಮುರಕಲ್ಲಿನ ಹುಡಿಯ ಮೇಲೆ ಹಿಂದಿನ ಚಕ್ರ ಜಾರಿ, ನಾವು ಚರಂಡಿಗೆ. ಮೊಣಕೈ ಕಿತ್ತಿತು, ಹೆಲ್ಮೆಟ್ಟಿಗೆ ಉದ್ದಕ್ಕೆ ಒಂದು ಗೀರು ಬಿತ್ತು. ದನ ನಿಂತು ನೋಡಿತು. ಇಪ್ಪತ್ತು ವರ್ಷದಲ್ಲಿ ಕೈಕಾಲು ಕಲಿತದ್ದೇ ಅಂದು ನಮ್ಮನ್ನು ಬೀಳಿಸಿದ್ದು.

ಕೌಶಲ ಕೊಟ್ಟರೆ ಸಾಕು ಎಂದು ನಂಬಿ ಮೋಸಹೋದ ದೇಶವೂ ಇದೆ. ನಾರ್ವೆಯಲ್ಲಿ 1979ರಿಂದ ಹೊಸ ಕಾರು ಚಾಲಕರಿಗೆ ಜಾರುವ ರಸ್ತೆಯಲ್ಲಿ ಗಾಡಿ ಹಿಡಿತಕ್ಕೆ ತರುವುದನ್ನು ಕಲಿಸಿದರು. ಆದರೆ ಜಾರುವ ರಸ್ತೆಯಲ್ಲಿ ಯುವಕರ ಅಪಘಾತ ಕಡಿಮೆಯಾಗುವ ಬದಲು ಹೆಚ್ಚಿತು. 'ನನಗೆ ಬರುತ್ತದೆ' ಎಂಬ ಧೈರ್ಯದಲ್ಲಿ ವೇಗ ಏರಿತ್ತು. ನ್ಯೂಜಿಲೆಂಡ್ ಬೇರೆ ದಾರಿ ಹಿಡಿಯಿತು. 1987ರಿಂದ ಹೊಸಬರಿಗೆ ಮೆಟ್ಟಿಲು ಮೆಟ್ಟಿಲಾಗಿ ಲೈಸನ್ಸ್. ಮೊದಲ ಹಂತಗಳಲ್ಲಿ ತಡರಾತ್ರಿ ಒಬ್ಬನೇ ಓಡಿಸುವಂತಿಲ್ಲ, ಗೆಳೆಯರನ್ನು ಕೂರಿಸುವಂತಿಲ್ಲ. ನಮ್ಮಲ್ಲಾದರೆ ಹದಿನೆಂಟು ತುಂಬಿ, ಕಲಿಕಾ ಲೈಸನ್ಸ್ ಸಿಕ್ಕಿ 30 ದಿನ ಕಳೆದರೆ ಪರೀಕ್ಷೆಗೆ ಹೋಗಬಹುದು. ಪಾಸಾದ ರಾತ್ರಿಯೇ ಮೂವರು ಕೂತು ಉಪ್ಪಳಕ್ಕೆ ಹೋಗುತ್ತಾರೆ (ಮೂವರು ತಪ್ಪೆಂದು ಗೊತ್ತಿದ್ದೇ).

ದೇಶದ ಲೆಕ್ಕ ನೋಡಿದರೆ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ಅದರಲ್ಲಿ ದ್ವಿಚಕ್ರದವರು 74,897. ಹೆಲ್ಮೆಟ್ ಹಾಕದೆ ಸತ್ತವರು 50,029, ಅವರಲ್ಲಿ ಹಿಂದೆ ಕೂತವರು 14 ಸಾವಿರಕ್ಕೂ ಹೆಚ್ಚು. ಹಿಂದೆ ಕೂತವರಿಗೆ ಯಾವ ಪ್ರಾಯ, ಯಾವ ಕೌಶಲ?

ಈಗ ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಶಾಲಾ ವಾರ್ಷಿಕೋತ್ಸವದ ಗಡಿಬಿಡಿಯಲ್ಲಿ ಮೈಕಿನವನನ್ನು ಕರೆತರಲು ನಾವೇ ಒಬ್ಬ ವಿದ್ಯಾರ್ಥಿಗೆ ನಮ್ಮ ಬೈಕಿನ ಕೀ ಕೊಟ್ಟಿದ್ದೆವು. "ಬರುತ್ತದಾ?" ಎಂದು ಕೇಳಿದೆವು. "ಬರುತ್ತದೆ ಸರ್" ಎಂದ. ಹೋಗಿ ಬಂದ. ಏನೂ ಆಗಲಿಲ್ಲ. ಪ್ರಾಯ ಎಷ್ಟೆಂದು ನಾವು ಕೇಳಲಿಲ್ಲ, ಹಾಜರಿ ಪುಸ್ತಕದಲ್ಲಿ ಅವನ ಜನ್ಮದಿನಾಂಕವನ್ನು ಬರೆದದ್ದು ನಾವೇ ಆಗಿದ್ದರೂ. ಏನೂ ಆಗದೆ ಇದ್ದ ಅಂಥ ದಿನಗಳೇ ಆ ತಂದೆಯ ಎರಡು ವರ್ಷದ ಲೆಕ್ಕದಲ್ಲೂ ಇರುವುದು. 2019ರ ತಿದ್ದುಪಡಿಯ ನಂತರವಾದರೆ ಗಾಡಿಯ ಯಜಮಾನನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷದವರೆಗೆ ಲೈಸನ್ಸಿಲ್ಲ. ಕೆ.ಎಲ್. 14 ಆದರೂ ಒಂದೇ, ಗಡಿ ದಾಟಿ ಕನ್ಯಾನದ ಕಡೆ ಹೋಗಿ ಕೆ.ಎ. ನಂಬರ್ ಆದರೂ ಒಂದೇ.

ಕಳೆದ ವಾರ ಆ ತಂದೆ ಪೇಟೆಯಲ್ಲಿ ಸಿಕ್ಕಿದರು. ಐದು ತಿಂಗಳ ಕತೆ, ನಮ್ಮ ಚರಂಡಿಯ ಕತೆ ಎರಡನ್ನೂ ಹೇಳಿದೆವು. ಮೊದಲಿನದ್ದಕ್ಕೆ ಅಷ್ಟೇನೂ ಕಿವಿಗೊಡಲಿಲ್ಲ, ಎರಡನೆಯದ್ದಕ್ಕೆ ಚೆನ್ನಾಗಿ ನಕ್ಕರು. ಮತ್ತೆ ಸ್ವಲ್ಪ ಸುಮ್ಮನಿದ್ದು, "ಅವ ಕಲಿತದ್ದು ತೋಟದ ದಾರಿಯಲ್ಲಿ ಮಾಷ್ಟ್ರೇ, ಅಲ್ಲಿ ಎದುರಿಗೆ ಯಾರೂ ಬರುವುದಿಲ್ಲ" ಎಂದರು. ಸೋಮವಾರದಿಂದ ಹುಡುಗ ಬಸ್ಸಿಗೆ ಬರುತ್ತಿದ್ದಾನೆ. ಬಸ್ಸು ತಡವಾದರೆ ಮೊದಲ ಪೀರಿಯಡ್ ತಪ್ಪುತ್ತದೆ. ಆ ಹತ್ತು ನಿಮಿಷದ ಹಾಜರಿ ನಾವು ನೋಡಿಕೊಳ್ಳುತ್ತೇವೆಂದು ಅವನಿಗೆ ಹೇಳಿದ್ದೇವೆ.