ಹರಿಯುವ ಹೂವು

ಐದನೇ ತರಗತಿಯಲ್ಲಿ ಇಂಗ್ಲಿಷ್ ಪಾಠ ಓದುವ ಸರದಿ ನನಗೆ ಬಂದಾಗ ಎಫ್, ಎಲ್, ಓ, ಡಬ್ಲ್ಯೂ, ಇ, ಆರ್ ಕೂಡಿಸಿ ‘ಫ್ಲೋವರ್’ ಎಂದೆ. ತರಗತಿಯೆಲ್ಲ ನಕ್ಕಿತು, ಮೇಷ್ಟ್ರೂ ನಕ್ಕರು. ಬರೆದಂತೆ ಓದುವ ಕನ್ನಡದಲ್ಲಿ ಬೆಳೆದ ನನಗೆ ತಪ್ಪೆಲ್ಲಿದೆ ಎಂದೇ ತಿಳಿಯಲಿಲ್ಲ. ಆ ನಗು ಬಹಳ ಕಾಲ ನನ್ನ ಜೊತೆಗಿತ್ತು. ಕೆಲಸಕ್ಕೆಂದು ಚೆನ್ನೈಗೆ ಬಂದ ಮೇಲೂ ಮೀಟಿಂಗ್‌ಗಳಲ್ಲಿ ಹೊಸ ಪದವೊಂದನ್ನು ಉಚ್ಚರಿಸಲು ಹೆದರಿ ಸುಮ್ಮನಿದ್ದುಬಿಡುತ್ತಿದ್ದೆ.

ಆಗ ನಾನಿದ್ದದ್ದು ತಿರುವಲ್ಲಿಕ್ಕೇಣಿಯ ಒಂದು ಮ್ಯಾನ್ಷನ್‌ನಲ್ಲಿ. ಪಕ್ಕದ ಕೋಣೆಯ ಹಿರಿಯರೊಬ್ಬರು ಬೆಳಗಿನ ಕಾಫಿ ಹೀರುತ್ತಾ ಇಂಗ್ಲಿಷ್ ಪದಬಂಧ ತುಂಬುತ್ತಿದ್ದರು. ಒಂದು ದಿನ ನನ್ನನ್ನು ಕರೆದು, “ತಂಬಿ, ‘ಲಂಡನ್ನಿನ ಫ್ಲವರ್’, ಆರಕ್ಷರ. ಏನಿರಬಹುದು?” ಎಂದರು. ವಯೊಲೆಟ್‌ಗೆ ಆರಕ್ಷರವೇನೋ ಇತ್ತು, ಆದರೆ ಲಂಡನ್ನಿಗೂ ಅದಕ್ಕೂ ಏನು ನಂಟು? ಅವರು ‘ಥೇಮ್ಸ್’ ಎಂದು ಬರೆದರು. ಫ್ಲೋ ಎಂದರೆ ಹರಿ, ಹರಿಯುವುದೆಲ್ಲ ಫ್ಲೋ-ಅರ್. ಅಂದು ತರಗತಿಯನ್ನು ನಗಿಸಿದ ನನ್ನ ಓದೇ ಇಲ್ಲಿ ಬೀಗದ ಕೈ!

ಈ ಆಟ ಎಲ್ಲಿಂದ ಬಂತೆಂದು ಅಂದಿನಿಂದ ಹುಡುಕತೊಡಗಿದೆ. ಲಿವರ್‌ಪೂಲ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕಾರದ ‘ವರ್ಡ್-ಕ್ರಾಸ್’ ಪ್ರಕಟಿಸಿದ. ಅದರ ಸುಳಿವುಗಳಲ್ಲಿ ಕಪಟವಿರಲಿಲ್ಲ. ನಿಘಂಟಿನ ಅರ್ಥ ಕೊಟ್ಟು ಪದ ಕೇಳುವುದಷ್ಟೇ. 1924ರಲ್ಲಿ ಮೊದಲ ಪದಬಂಧ ಪುಸ್ತಕ ಬಂದು ಅಮೆರಿಕಕ್ಕೆ ಹುಚ್ಚು ಹಿಡಿಯಿತು. ಅದೇ ವರ್ಷ ಲಂಡನ್ನಿನ ‘ಟೈಮ್ಸ್’ ಈ ಹುಚ್ಚನ್ನು ಅಮೆರಿಕದ ಗುಲಾಮಗಿರಿ ಎಂದು ಹಂಗಿಸಿತು. 1930ರ ಫೆಬ್ರುವರಿ 1ರಂದು ತಾನೇ ಪದಬಂಧ ಶುರುಮಾಡಿತು.

ಹಡಗು ಹತ್ತಿ ಇಂಗ್ಲೆಂಡಿಗೆ ಬಂದ ಮೇಲೆ ಆಟದ ಸ್ವಭಾವವೇ ಬದಲಾಯಿತು. 1926ರಿಂದ ‘ಅಬ್ಸರ್ವರ್’ ಪತ್ರಿಕೆಗೆ ಪದಬಂಧ ಕಟ್ಟಿದ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ತನಗೆ ಇಟ್ಟುಕೊಂಡ ಹೆಸರು ಟಾರ್ಕ್ವೆಮಾಡ. ಸ್ಪೇನಿನ ಧರ್ಮವಿಚಾರಣೆಯ ಕ್ರೂರ ಅಧಿಕಾರಿಯ ಹೆಸರು ಅದು! ಒಂದು ಪದದ ಎಲ್ಲ ಅರ್ಥಗಳನ್ನೂ ಹಿಂಡಿ, ಓದುಗನನ್ನು ಬೇರೆ ದಾರಿಗೆ ಕಳಿಸುವುದೇ ಸುಳಿವಿನ ಕೆಲಸವಾಯಿತು. 1939ರಲ್ಲಿ ಅವನು ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದವರು ಶಾಲಾ ಮೇಷ್ಟ್ರಾದ ಡಿ. ಎಸ್. ಮ್ಯಾಕ್‌ನಟ್. ಅವರ ಹೆಸರು ಕ್ಸಿಮೆನೀಸ್, ಇನ್ನೊಬ್ಬ ಧರ್ಮವಿಚಾರಕ. ಆದರೆ ಇವರು ಹಿಂಸೆಗೊಂದು ನ್ಯಾಯ ತಂದರು. 1966ರ ತಮ್ಮ ಪುಸ್ತಕದಲ್ಲಿ ನಿಯಮಗಳನ್ನು ವಿವರಿಸಿದರು: ದಾರಿ ತಪ್ಪಿಸಬಹುದು, ಆದರೆ ಸುಳಿವಿನ ಒಂದೊಂದು ಪದವೂ ಲೆಕ್ಕಕ್ಕೆ ಬರಬೇಕು, ವ್ಯಾಕರಣ ಸುಳ್ಳಾಡಕೂಡದು. ಮೋಸಹೋದವನೂ ಕೊನೆಗೆ “ಹೌದಲ್ಲ!” ಎನ್ನುವಂತಿರಬೇಕು.

ಈ ಆಟ ಮದ್ರಾಸಿಗೂ ಬಂತು. ‘ದ ಹಿಂದೂ’ ಪತ್ರಿಕೆಗೆ ಪದಬಂಧ ಕಟ್ಟಿಕೊಟ್ಟವರಲ್ಲಿ ಭಾರತೀಯ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಆರ್. ಡಿ. ಕಟಾರಿ ಒಬ್ಬರು.

ಹೂವಿಗೂ ಹರಿವಿಗೂ ಇಂಗ್ಲಿಷಿನಲ್ಲಿ ರಕ್ತಸಂಬಂಧವಿಲ್ಲ. ಹೂವಿನ ಫ್ಲವರ್ ಲ್ಯಾಟಿನ್ನಿನಿಂದ ಫ್ರೆಂಚ್ ಮೂಲಕ ಬಂದದ್ದು, ಫ್ಲೋ ಹಳೆಯ ಇಂಗ್ಲಿಷಿನದೇ. ಹಿಟ್ಟಿನ ಫ್ಲೋರ್ ಮಾತ್ರ ಹೂವಿನ ಒಡಹುಟ್ಟು. ಹಿಟ್ಟಿನಲ್ಲಿ ನಯವಾದದ್ದನ್ನು ಅದರ ‘ಹೂವು’ ಎನ್ನುತ್ತಿದ್ದರು. 1755ರ ಜಾನ್ಸನ್ ನಿಘಂಟಿನಲ್ಲೂ ಇವೆರಡು ಬೇರೆಯಾಗಿರಲಿಲ್ಲ. ಟವರ್, ಶವರ್ ಕೂಡ ಇದೇ ವೇಷಧಾರಿಗಳು. ಎಳೆದೊಯ್ಯುವವನು ‘ಟೋ-ಅರ್’, ತೋರಿಸುವವನು ‘ಶೋ-ಅರ್’. ಮರಗಟ್ಟಿಸುವ ಮದ್ದನ್ನು ‘ನಂಬರ್’ ಎಂದೂ ಬರೆಯಬಹುದು, ಬಿ ಅಕ್ಷರ ಮೌನವಾಗಿದ್ದರಾಯಿತು.

ನಮಗೆ ಇದು ಹೊಸದಲ್ಲ. ಅಮರಕೋಶದ ನಾನಾರ್ಥ ವರ್ಗದಲ್ಲಿ ‘ಹರಿ’ ಎಂದರೆ ವಿಷ್ಣು, ಸಿಂಹ, ಕುದುರೆ, ಗಿಳಿ, ಹಾವು, ಕೋತಿ, ಕಪ್ಪೆ. ಅದಕ್ಕೆ ಕನ್ನಡದ ಹರಿ ಸೇರಿಸಿ: ನೀರು ಹರಿಯುತ್ತದೆ, ಬಟ್ಟೆ ಹರಿಯುತ್ತದೆ. ಶ್ಲೇಷೆಯನ್ನು ಅಲಂಕಾರವೆಂದು ಗೌರವಿಸಿದ ಭಾಷೆಯಿಂದ ಬಂದವರು ನಾವು.

ಪದಬಂಧದ ಮುಂದೆ ಇಂಗ್ಲಿಷ್ ಮಾತೃಭಾಷೆಯವರೂ ಫ್ಲವರ್ ಕಂಡೊಡನೆ ತೋಟಕ್ಕೇ ಹೋಗುತ್ತಾರೆ. ಸರಿಯಾದ ಉಚ್ಚಾರಣೆಯೇ ಅವರನ್ನು ಕಟ್ಟಿಹಾಕುತ್ತದೆ. ಈಗ ಅಪರಿಚಿತ ಪದ ಎದುರಾದರೆ ನಾನು ಮೊದಲು ಬರೆದಂತೆಯೇ ಓದುತ್ತೇನೆ, ಮೀಟಿಂಗ್‌ನಲ್ಲೂ. ಯಾರಾದರೂ ನಕ್ಕರೆ ನಾನೂ ಜೊತೆಗೆ ನಗುತ್ತೇನೆ.