ಗೋಡೆಯ ಹೊರಗಿನ ನೀರು

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ನೋಡ್ತಾರೆ, ಇಬ್ರಾಹಿಂ ರೋಜಾ ನೋಡ್ತಾರೆ, ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಸ್ ಹತ್ತುತ್ತಾರೆ. ಊರೊಳಗೆ ಅಲ್ಲಲ್ಲಿ ನಿಂತಿರುವ ಚೌಕಾಕಾರದ ದಪ್ಪ ಗೋಪುರಗಳನ್ನು ಯಾರೂ ತಿರುಗಿ ನೋಡೂದಿಲ್ಲ. ನೋಡಿದರೂ ಕಾವಲು ಬುರುಜು ಇರಬೇಕು ಅಂದುಕೊಂಡು ಮುಂದೆ ಹೋಗ್ತಾರೆ. ಇವಕ್ಕೆ ‘ಗಂಜ್’ ಅಂತಾರೆ. 25 ಅಡಿಯಿಂದ 40 ಅಡಿವರೆಗೆ ಎತ್ತರ. ಇವು ಕಾವಲಿಗೆ ಕಟ್ಟಿದ್ದಲ್ಲ, ನೀರಿಗೆ ಕಟ್ಟಿದ್ದು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗಿಂತ ಇವೇ ನನಗೆ ಹೆಚ್ಚು ಸೋಜಿಗ.

ಕಾರಣ ಹೇಳ್ತೀನಿ. ಊರಿಗೆ ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ದೂರದಲ್ಲಿ ತೊರವಿ ಐತಿ. ಅಲ್ಲಿನ ನೆಲ ಊರಿಗಿಂತ ಎತ್ತರ. ಅಲ್ಲಿ ಸಿಕ್ಕ ನೀರನ್ನು ನೆಲದ ಒಳಗೇ ಸುರಂಗ ಕೊರೆದು ಊರಿನ ಕಡೆಗೆ ಹರಿಸಿದರು. ಸುರಂಗ ತೋಡಲಿಕ್ಕೆ, ಆಮೇಲೆ ಹೂಳು ತೆಗೀಲಿಕ್ಕೆ ಅನುಕೂಲ ಆಗಲಿ ಅಂತ ನಡುನಡುವೆ ಬಾವಿಯಂಥ ಕಿಂಡಿ ಬಿಟ್ಟಿದ್ದಾರೆ. ನಮ್ಮ ಕಡೆ ಸುರಂಗ ಬಾವಡಿ ಅನ್ನೋದು ಇದಕ್ಕೇ. ಇರಾನಿನ ಕಡೆಯಿಂದ ಬಂದ ಈ ವಿದ್ಯೆಗೆ ಬೀದರಿನವರು ಕಾರೇಜ್ ಅಂತಾರೆ. ಊರು ಮುಟ್ಟಿದ ನೀರು ಅಲ್ಲಿಂದ ಮುಂದೆ ಸುಟ್ಟ ಮಣ್ಣಿನ ಕೊಳವೆಯಲ್ಲಿ ಓಣಿ ಓಣಿಗೆ ಹೋಗ್ತಿತ್ತು. ಕೊಳವೆ ಒಡೀಬಾರದು ಅಂತ ಸುತ್ತ ಗಚ್ಚು ಹಾಕಿ ಬಿಗಿ ಮಾಡ್ತಿದ್ದರು.

ಮೇಲಿಂದ ಇಳಿಯುವ ನೀರು ಮುಚ್ಚಿದ ಕೊಳವೆಯಲ್ಲಿ ಹರಿದಷ್ಟೂ ಒತ್ತಡ ಏರುತ್ತದೆ. ಎಷ್ಟೇ ಗಚ್ಚು ಹಾಕಿದರೂ ಮಣ್ಣಿನ ಕೊಳವೆ ತಡೆಯೂದು ಅಷ್ಟರಲ್ಲೇ. ಅದಕ್ಕೆ ಅಷ್ಟಷ್ಟು ದೂರಕ್ಕೆ ಒಂದು ಗಂಜ್ ಕಟ್ಟಿದರು. ನೀರು ತನ್ನ ಒತ್ತಡದಿಂದಲೇ ಗೋಪುರ ಏರಿ, ಮೇಲೆ ತೆರೆದ ತೊಟ್ಟಿಯಲ್ಲಿ ಗಾಳಿಗೆ ಬಿದ್ದು, ಒತ್ತಡ ಕಳಕೊಂಡು ಮುಂದಿನ ಕೊಳವೆಗೆ ಇಳೀತಿತ್ತು. ರಾಡಿ ತಳಕ್ಕೆ ಕೂತು ತಿಳಿನೀರು ಮುಂದೆ ಹೋಗ್ತಿತ್ತು. ಇವತ್ತಿನ ಇಂಜಿನಿಯರುಗಳು ಬ್ರೇಕ್ ಪ್ರೆಷರ್ ಟ್ಯಾಂಕ್ ಅಂತ ನಕ್ಷೆಯಲ್ಲಿ ಬರೀತಾರಲ್ಲ, ಅದೇ ಇದು. ಕರೆಂಟಿಲ್ಲ, ಪಂಪಿಲ್ಲ, ತಿಂಗಳ ಬಿಲ್ಲಿಲ್ಲ.

ಹಂಗಂತ ಪುಕ್ಕಟೆ ಬಂದ ನೀರಲ್ಲ ಅದು. ಹಣ ಎಲ್ಲಿಂದ ಬಂತು ಅಂತ ಕೇಳಬೇಕಾದ್ದು ಇಲ್ಲೇ.

1565ರಲ್ಲಿ ತಾಳಿಕೋಟೆ ಯುದ್ಧ ಆಯಿತು. ಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆ ನಮ್ಮ ಮುದ್ದೇಬಿಹಾಳದ ಮಗ್ಗುಲಿಗೇ ಐತಿ. ವಿಜಯನಗರದ ಲೂಟಿಯಲ್ಲಿ ಪಾಲು ಪಡೆದು ಬಂದ ಒಂದನೇ ಅಲಿ ಆದಿಲ್‌ಶಾಹ ಕಟ್ಟುವ ಕೆಲಸಕ್ಕೆ ಕೈ ಹಾಕಿದ. ಊರ ಸುತ್ತ ಸುಮಾರು ಹತ್ತು ಕಿಲೋಮೀಟರ್ ಕೋಟೆಗೋಡೆ, ಜಾಮಿಯಾ ಮಸೀದಿ, ಶಹಾಪುರದ ದೊಡ್ಡ ಕೆರೆ, ಓಣಿಗಳಿಗೆ ನೀರಿನ ಕಾಲುವೆ. ಮುಂದೆ ಇದೇ ಊರಿನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಷ್ತಾ ಇವನ್ನೆಲ್ಲ ಅಲಿಯ ಲೆಕ್ಕಕ್ಕೇ ಬರೆದಿದ್ದಾನೆ. ಗೋಡೆಯ ಖರ್ಚನ್ನಂತೂ ಅಲಿ ಜಾಣತನದಿಂದ ಹಂಚಿದ. ಒಬ್ಬೊಬ್ಬ ಸರದಾರನಿಗೆ ಒಂದೊಂದು ತುಂಡು. ಅದಕ್ಕೇ ಆ ಗೋಡೆ ಒಂದು ಕಡೆ ಇದ್ದಂಗ ಇನ್ನೊಂದು ಕಡೆ ಇಲ್ಲ. 1579ರಲ್ಲಿ ಶಹಾಪುರ ಬಾಗಿಲ ಹತ್ತಿರ ಚಾಂದ್ ಬಾವಡಿ, 1620ರಲ್ಲಿ ಎರಡನೇ ಇಬ್ರಾಹಿಮನ ಕಾಲಕ್ಕೆ ಮೆಕ್ಕಾ ಬಾಗಿಲ ಒಳಗೆ ತಾಜ್ ಬಾವಡಿ. ತಾಜ್ ಬಾವಡಿಯ ಹೊಂಡ 223 ಅಡಿ ಚೌಕ, 52 ಅಡಿ ಆಳ. ಅಕ್ಕಪಕ್ಕದಲ್ಲಿ ದಾರಿಹೋಕರು ಇಳಕೊಳ್ಳಲಿಕ್ಕೆ ಸಾಲು ಕೋಣೆಗಳು. 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹ ಊರ ದಕ್ಷಿಣಕ್ಕೆ 234 ಎಕರೆಯ ಬೇಗಂ ತಲಾಬ ಕಟ್ಟಿಸಿ, ಅಲ್ಲಿಂದಲೂ ಕೊಳವೆ ಎಳೆಸಿದ. ಗೋಡೆಯೊಳಗೆ ಮೆಟ್ಟಿಲಿನ ಬಾವಡಿ 700, ಮೆಟ್ಟಿಲಿಲ್ಲದ ಬಾವಿ 300 ಇದ್ದವು ಅಂತ 1884ರ ಬಾಂಬೆ ಗೆಜೆಟಿಯರ್ ಹೇಳುತ್ತದೆ. ತೊರವಿ ನೀರು ನಿಂತರೆ ತಲಾಬ, ತಲಾಬ ಬತ್ತಿದರೆ ಬಾವಡಿ. ನಮ್ಮ ಧಂದೆಯಲ್ಲಿ ಬ್ಯಾಕಪ್ಪಿಗೆ ಬ್ಯಾಕಪ್ ಅಂತೀವಲ್ಲ, ಹಂಗ.

ಲೂಟಿ ಹಣ ಒಂದು ಸಲ ಬರುವಂಥದ್ದು. ಮುಂದಿನ ತೊಂಬತ್ತು ವರ್ಷ ಖಜಾನೆಗೆ ಹಣ ಬಂದದ್ದು ಹೆಚ್ಚಾಗಿ ಹಳ್ಳಿಯ ಕಂದಾಯದಿಂದ. ಡೋಣಿ ಸಾಲಿನ ಎರಿಹೊಲದಲ್ಲಿ ಬಿಳಿಜೋಳ ಬೆಳೆದವನು ಊರಿನ ಗಂಜಿಗೂ ಕಲ್ಲು ಹೊತ್ತಂತೆಯೇ. ಡೋಣಿ ನೀರು ಸವುಳು, ಅದನ್ನು ಕುಡೀಲಿಕ್ಕೆ ಬರೂದಿಲ್ಲ. ಆದಿಲ್‌ಶಾಹಿಗಳು ಹಳ್ಳಿಗೆ ಏನೂ ಮಾಡಲಿಲ್ಲ ಅಂದರೂ ತಪ್ಪಾಗುತ್ತದೆ. ಮಮದಾಪುರದ ಕೆರೆಗಳು ಮೊಹಮ್ಮದನ ಕಾಲದವೇ. ಆದರೆ ಊರು, ಹಳ್ಳಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಹೊತ್ತು ಬಂದಾಗ ಏನು ಮಾಡಿದರು ಅನ್ನೋದಕ್ಕೆ ದಾಖಲೆ ಐತಿ.

1665ರ ಕೊನೆಗೆ ಔರಂಗಜೇಬನ ಸೇನಾಪತಿ ಮಿರ್ಜಾ ರಾಜಾ ಜಯಸಿಂಹ ದಂಡು ಕಟ್ಟಿಕೊಂಡು ಬಂದು ಕೋಟೆಗೆ ಹನ್ನೆರಡು ಮೈಲಿ ದೂರದಲ್ಲಿ ಬೀಡುಬಿಟ್ಟ. ಕೋಟೆ ಒಡೆಯುವ ದೊಡ್ಡ ತೋಪು ಅವನ ಹತ್ತಿರ ಇರಲಿಲ್ಲ. ಆದರೆ ಅವನನ್ನು ಸೋಲಿಸಿದ್ದು ತೋಪಿನ ಕೊರತೆ ಒಂದೇ ಅಲ್ಲ. ಅವನು ಬರೂದಕ್ಕಿಂತ ಮೊದಲೇ ಬಿಜಾಪುರದವರು ನವರಸಪುರ ಮತ್ತು ಶಹಾಪುರದ ಕೆರೆಗಳ ನೀರು ಹೊರಗೆ ಬಿಟ್ಟಿದ್ದರು. ಸುತ್ತಲಿನ ಬಾವಿ ಹೂಳಿದ್ದರು, ಗಿಡ ಕಡಿದಿದ್ದರು, ಕಟ್ಟಡ ಕೆಡವಿದ್ದರು. ಲಕ್ಷಗಟ್ಟಲೆ ಜನ, ದನ, ಕುದುರೆ ಇದ್ದ ದಂಡಿಗೆ ನೀರೂ ಇಲ್ಲ, ಮೇವೂ ಇಲ್ಲ. 1666ರ ಜನವರಿ ಮೊದಲ ವಾರವೇ ಜಯಸಿಂಹ ಹಿಂದಕ್ಕೆ ಹೊರಟ. ಗೋಡೆಯೊಳಗಿನವರು ಬಾವಡಿ ನೀರು ಕುಡಿದು ಉಳಿದರು.

ಇದನ್ನು ಯುದ್ಧತಂತ್ರ ಅಂತ ಮೆಚ್ಚಿ ಬರೆಯುತ್ತಾರೆ. ತಂತ್ರ ಹೌದು, ಗೆದ್ದದ್ದೂ ಹೌದು. ಆದರೆ ಹೂಳಿದ ಬಾವಿ ಯಾರದಾಗಿತ್ತು? ದಂಡು ಹೋದ ಮೇಲೆ ಫೆಬ್ರುವರಿ, ಮಾರ್ಚ್, ಏಪ್ರಿಲ್ ಬಂದಿರಬೇಕಲ್ಲ. ನಮ್ಮ ಕಡೆಯ ಏಪ್ರಿಲ್ ಹೆಂಗಿರುತ್ತದೆ ಅಂತ ಇಂಡಿ, ಸಿಂದಗಿಯವರಿಗೆ ಹೇಳಬೇಕಾಗಿಲ್ಲ. ಬರ ಬಿದ್ದ ವರ್ಷ ಲಿಂಬಿ ಗಿಡ ಉಳಿಸಲಿಕ್ಕೆ ಟ್ಯಾಂಕರ್ ನೀರು ಕೊಂಡು ಹಾಕುವ ಇಂಡಿ ರೈತನಿಗೆ ಒಂದು ಬಾವಿಯ ಬೆಲೆ ಗೊತ್ತು.

1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನೇ ಬಂದು ಊರು ಗೆದ್ದ. ಅಲ್ಲಿಂದ ಮುಂದಿನದು ನಿರ್ವಹಣೆ ನಿಂತ ಕಥೆ. ಸುರಂಗಕ್ಕೆ ಕರೆಂಟ್ ಬೇಡ, ಆದರೆ ಹೂಳು ತೆಗೆಯುವ ಆಳು ಬೇಕು, ಒಡೆದ ಕೊಳವೆಗೆ ಗಚ್ಚು ಬೇಕು, ಆ ಆಳಿಗೆ ಪಗಾರ ಕೊಡುವ ಒಬ್ಬ ದೊರೆ ಬೇಕು. ನೀರು ಕುಡಿಯುವವರು ಹಣ ಕೊಡುವ ವ್ಯವಸ್ಥೆ ಇರಲಿಲ್ಲ, ಖಜಾನೆಯೇ ಕೊಡಬೇಕಿತ್ತು. ಖಜಾನೆ ಹೋಯಿತು, ನೀರೂ ಹೋಯಿತು. ಕಲ್ಲು ಗಟ್ಟಿಯಿದ್ದುದಕ್ಕೆ ಗಂಜ್‌ಗಳು ಉಳಿದವು.

ಬ್ರಿಟಿಷರದು ಚುಟುಕಾಗಿ ಹೇಳ್ತೀನಿ. 1876–78ರ ಬರದಲ್ಲಿ ಜಿಲ್ಲೆಯೇ ಬರಿದಾಯಿತು. 1872ರಲ್ಲಿ 8 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 6.4 ಲಕ್ಷದೊಳಗೆ ಇಳಿದಿತ್ತು. 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಬಿಜಾಪುರಕ್ಕೆ ತಂದರು, ಹಳೇ ಮಹಲುಗಳಲ್ಲೇ ಕಚೇರಿ ನಡೆಸಿದರು. ಮುಂದೆ ಭೂತನಾಳ ಕೆರೆ ಊರಿಗೆ ಆಸರೆಯಾಯಿತು. ಅದೂ ಮಳೆ ನಂಬಿದ ಕೆರೆ.

ಆಮೇಲೆ ಬಂದದ್ದು ಕೃಷ್ಣೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. 2000ದಲ್ಲಿ ಸುಪ್ರೀಂ ಕೋರ್ಟ್ 519.60 ಮೀಟರ್ ಎತ್ತರಕ್ಕೆ ಒಪ್ಪಿತು. 2006ರ ಆಗಸ್ಟಿನಲ್ಲಿ ಅಬ್ದುಲ್ ಕಲಾಂ ಬಂದು ಲೋಕಾರ್ಪಣೆ ಮಾಡಿದರು. ಹಿನ್ನೀರಿನಲ್ಲಿ ಹಳ್ಳಿಗಳು, ಹಳೇ ಬಾಗಲಕೋಟೆಯ ಓಣಿಗಳು, ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಕೊಲ್ಹಾರ, ಹೊಳೆಸಾಲಿನ ಹೊಲ ಎಲ್ಲ ಮುಳುಗಿದವು. ಕೊಲ್ಹಾರದವರು ದಿನ್ನೆ ಮೇಲೆ ಹೊಸ ಊರು ಕಟ್ಟಿಕೊಂಡರು. ವಿಜಯಪುರ ನಗರಕ್ಕೆ ಇವತ್ತು ಕುಡಿಯುವ ನೀರು ಹೋಗುವುದು ಇದೇ ಕೊಲ್ಹಾರದಿಂದ.

ಆದಿಲ್‌ಶಾಹಿ ಲೆಕ್ಕಕ್ಕೂ ಇವತ್ತಿನ ಲೆಕ್ಕಕ್ಕೂ ಇರುವ ಫರಕು ನೋಡ್ರಿ. ತೊರವಿ ನೀರು ಇಳಿಜಾರಿನಲ್ಲಿ ತಾನೇ ಬರ್ತಿತ್ತು. ಕೊಲ್ಹಾರದ ನೀರು ತಾನಾಗಿ ಬರೂದಿಲ್ಲ. ಜಲಾಶಯ ತುಂಬಿದಾಗಲೇ 519 ಮೀಟರ್ ಚಿಲ್ಲರೆ, ವಿಜಯಪುರ ಅದಕ್ಕಿಂತ ಎಪ್ಪತ್ತು ಎಂಬತ್ತು ಮೀಟರ್ ಮೇಲೆ, ದಾರಿ ನಲವತ್ತು ಕಿಲೋಮೀಟರ್ ಆಸುಪಾಸು. ಸಾವಿರ ಲೀಟರ್ ನೀರನ್ನು 80 ಮೀಟರ್ ಎತ್ತಲಿಕ್ಕೆ ಪಿಯುಸಿ ಫಿಸಿಕ್ಸ್ ಪ್ರಕಾರ ಕಾಲು ಯೂನಿಟ್ಟಿಗೆ ತುಸು ಕಡಿಮೆ ಕರೆಂಟ್ ಸಾಕು. ಪಂಪಿನ ನಷ್ಟ, ಪೈಪಿನ ಘರ್ಷಣೆ, ದಾರಿಯ ಸೋರಿಕೆ ಸೇರಿಸಿದರೆ ಇನ್ನೂ ಏರುತ್ತದೆ. ನಾನೀಗ ಇರುವ ಬೆಂಗಳೂರಿನದು ಇದರ ಅಪ್ಪ. ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ, 500 ಮೀಟರ್ ಎತ್ತರಕ್ಕೆ ತರಬೇಕು. ಅಲ್ಲಿ ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟ್ ಬಿಲ್ಲಿಗೇ ಹೋಗುತ್ತದೆ.

ಈಗ ಯೋಜನೆ ಕಟ್ಟುವ ಹಣ ಸರ್ಕಾರದ ಅನುದಾನ ಮತ್ತು ಸಾಲದಿಂದ ಬರುತ್ತದೆ. ನಡೆಸುವ ಹಣ ನೀರಿನ ಕರದಿಂದ ಬರಬೇಕು. ಕರ ಏರಿಸ್ತೀವಿ ಅಂದರೆ ಓಟು ಹೋಗುತ್ತದೆ, ಏರಿಸದಿದ್ದರೆ ಪಂಪು ನಿಲ್ಲುತ್ತದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ವಿಶ್ವಬ್ಯಾಂಕ್ ಸಾಲದಿಂದ ಮೀಟರ್ ಹಾಕಿ ಇಪ್ಪತ್ನಾಲ್ಕು ತಾಸು ನೀರು ಕೊಟ್ಟಾಗಲೂ ಜಗಳ ಆದದ್ದು ಇದರ ಮೇಲೇ. ಬಳಸಿದಷ್ಟಕ್ಕೆ ರೊಕ್ಕ ಕೊಡಬೇಕು ಅನ್ನೋದು ನನ್ನ ಮಟ್ಟಿಗೆ ಸರಿಯಾದ ಮಾತೇ. ರೊಕ್ಕ ಕೊಟ್ಟವರಿದ್ದರೆ 1686ರ ನಂತರವೂ ತೊರವಿ ಕೊಳವೆಗೆ ಗಚ್ಚು ಹಾಕುವವರು ಸಿಗ್ತಿದ್ದರು.

ಆದರೆ ಆ ಬಿಲ್ಲಿನಲ್ಲಿ ಇರುವುದು ಕರೆಂಟು, ಪೈಪು, ಕ್ಲೋರಿನ್, ಪಗಾರ ಇಷ್ಟೇ. ಕೊಲ್ಹಾರದ ಹೊಳೆಸಾಲಿನ ಹೊಲಕ್ಕೆ ಅದರಲ್ಲಿ ಸಾಲು ಇಲ್ಲ. ಆ ಲೆಕ್ಕ ಬೇರೆ ಕಚೇರಿಯಲ್ಲಿ, ಪರಿಹಾರ ಅನ್ನೋ ಹೆಸರಿನಲ್ಲಿ, ಒಂದು ಸಲ ಕೊಟ್ಟು ಮುಚ್ಚಿದ ಫೈಲಿನಲ್ಲಿ ಐತಿ. ಕೆಲವರ ಫೈಲು ಮುಚ್ಚಿಲ್ಲ, ಪರಿಹಾರ ಸಾಲದು ಅಂತ ಕೋರ್ಟಿಗೆ ಅಲೆಯುತ್ತಲೇ ಇದ್ದಾರೆ. ನಗರದವನು ತಿಂಗಳಾ ಕೊಡುತ್ತಾನೆ, ಹೊಲ ಕಳಕೊಂಡವನಿಗೆ ಬಂದದ್ದು ಒಂದೇ ಸಲ. ನೀರಿನ ಕರದಲ್ಲಿ ಒಂದು ಸಣ್ಣ ಪಾಲು ಪುನರ್ವಸತಿ ಊರುಗಳ ನಲ್ಲಿಗೆ, ಚರಂಡಿಗೆ ವರ್ಷಾ ಹೋಗಲಿ ಅಂತ ಕೇಳಿದರೆ ಅದು ಭಿಕ್ಷೆ ಆಗೂದಿಲ್ಲ, ಬಾಡಿಗೆ ಆಗುತ್ತದೆ.

ಈಗ ಪಂಪಿನಿಂದ ಎತ್ತಿದ ಕೃಷ್ಣಾ ನೀರು ಮಮದಾಪುರ ಕೆರೆಗೂ ಬೇಗಂ ತಲಾಬಕ್ಕೂ ಬಂದು ಬೀಳುತ್ತಿದೆ. ಗಣಪತಿ ಮೂರ್ತಿ, ಕಸ ತುಂಬಿಕೊಂಡಿದ್ದ ತಾಜ್ ಬಾವಡಿಯ ಹೂಳನ್ನೂ ಕೆಲವು ವರ್ಷದ ಹಿಂದೆ ತೆಗೆಸಿದರು. ಇತ್ತ 2010ರಲ್ಲಿ ಕೃಷ್ಣಾ ನ್ಯಾಯಾಧಿಕರಣ ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸಬಹುದು ಅಂತ ತೀರ್ಪು ಕೊಟ್ಟಿದೆ. ಏರಿದರೆ ನೀರಿನ ಅಂಚು ಇನ್ನೂ ಕೆಲವು ಊರಿನ ಬಾಗಿಲಿಗೆ ಬರುತ್ತದೆ. ಕೊಲ್ಹಾರದವರು ಮಾತ್ರ ಈಗಲೂ ಹೆದ್ದಾರಿ ಬದಿಗೆ ಗಡಿಗೆಯಲ್ಲಿ ಗಟ್ಟಿ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ಅತ್ತ ಜಾಕ್‌ವೆಲ್ಲಿನಲ್ಲಿ ಮೋಟರ್ ಓಡುತ್ತಿರುತ್ತದೆ.