ಜೋಕುಮಾರ ಹೊತ್ತು ತಂದ ಹೊಲದ ಪ್ರಶ್ನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಕೇಳ್ತಿರೋರಿಗೆ ಇವತ್ತಿನ ಕತೆ ಅರ್ಧ ಗೊತ್ತಿರುತ್ತೆ. ಭಾದ್ರಪದದಲ್ಲಿ ಗಣಪತಿ ಹಬ್ಬ ಆದ ಮೇಲೆ, ಬುಟ್ಟಿಯಲ್ಲಿ ಕೂತು ಮನೆ ಬಾಗಿಲಿಗೆ ಬರ್ತಾನಲ್ಲ, ಬಾಯಿಗೆ ಬೆಣ್ಣೆ ಸವರಿಸಿಕೊಂಡ ಮಣ್ಣಿನ ಜೋಕುಮಾರ? ಅವನ ಹೆಸರಲ್ಲೊಂದು ನಾಟಕ ಇದೆ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. 1972ರಲ್ಲಿ ಬಿ.ವಿ. ಕಾರಂತರು ಇದನ್ನು ರಂಗಕ್ಕೆ ತಂದರು. ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ಮುಂದೆ ನಿಮ್ಮ ಪಕ್ಕದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು.

ಕತೆ ಇಷ್ಟು: ಊರ ಗೌಡನಿಗೆ ಭೂಮಿ ಇದೆ, ಬಂದೂಕಿದೆ, ಮಕ್ಕಳಿಲ್ಲ. ಜೋಕುಮಾರಸ್ವಾಮಿ ಅಂತ ಪೂಜೆ ಮಾಡಿದ ಪಡವಲಕಾಯಿಯನ್ನು ಗಂಡನಿಗೆ ಉಣಿಸಬೇಕು ಅಂತ ಗೌಡ್ತಿ ಹೊರಡ್ತಾಳೆ. ಅದನ್ನು ಉಂಡವನು ಬಸಣ್ಣ, ಹೊಲಕ್ಕಾಗಿ ಗೌಡನಿಗೆ ಎದುರು ನಿಂತ ರೈತ. ಗೌಡ್ತಿ ಬಸಿರಾಗ್ತಾಳೆ. ಬಸಣ್ಣನ ಕೊಲೆಯಾಗುತ್ತೆ.

ಈ ನಾಟಕ ಯಾವ ಕಾಲದ್ದು, ಯಾರ ಪರ ಅನ್ನೋದನ್ನ ನಾನು ಮೂರು ಕಡೆ ಹುಡುಕ್ತೀನಿ.

ಮೊದಲನೆಯದು ಪೂಜೆ. ಬಯಲಾಟ ಶುರುವಾಗೋದು ಗಣಪತಿಯಿಂದ. ಇಲ್ಲಿ ಸೂತ್ರಧಾರ ಜೋಕುಮಾರನಿಗೆ ಮೊದಲ ಪೂಜೆ ಸಲ್ಲಿಸ್ತಾನೆ. ಯಾಕೆ? ನಮ್ಮ ಜನಪದರ ಪ್ರಕಾರ ಗಣಪತಿ ಕಡುಬು ತಿಂದು ಹೋಗಿ, ಭೂಲೋಕದಲ್ಲಿ ಎಲ್ಲಾ ಚೆನ್ನಾಗಿದೆ ಅಂತಾನೆ. ಬರ, ಬವಣೆಯ ವರದಿ ಒಪ್ಪಿಸೋನು ಜೋಕುಮಾರ. ಆಮೇಲೇ ಮಳೆ.

ಎರಡನೆಯದು ಮಾತು. ಗೌಡ, ಗೌಡ್ತಿಗೆ ಪದವಿಯೇ ಹೆಸರು. ಬಸಣ್ಣನಿಗೆ ಸ್ವಂತ ಹೆಸರಿದೆ. ಆಡೋದೆಲ್ಲ ಉತ್ತರ ಕರ್ನಾಟಕದ ಹಳ್ಳಿಮಾತು. ಗೌಡನ ಮುಂದೆ ತಲೆ ತಗ್ಗಿಸಬೇಕಾದ ಊರಲ್ಲಿ ಒಬ್ಬ ಎದುರುತ್ತರ ಕೊಟ್ಟರೆ, ಆ ಮಾತೇ ಒಂದು ಘಟನೆ.

ಮೂರನೆಯದು ಹೊಲ. ಉತ್ತವನದೋ, ಬಂದೂಕು ಹಿಡಿದವನದೋ? 1972ರಲ್ಲಿ ಇದು ಬರೀ ರಂಗದ ಪ್ರಶ್ನೆ ಆಗಿರಲಿಲ್ಲ. ಎರಡೇ ವರ್ಷಕ್ಕೆ, 1974ರ ಮಾರ್ಚ್ 1ರಂದು, ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತರು.

ಹಂಗಾದ್ರೆ ಬಸಣ್ಣ ಯಾಕೆ ಸಾಯಬೇಕು? ಜೋಕುಮಾರನ ಹುಣ್ಣಿಮೆ ಕಂಡವರಿಗೆ ಉತ್ತರ ಗೊತ್ತು. ಅಷ್ಟಮಿಗೆ ಹುಟ್ಟಿದ ಜೋಕುಮಾರ ಹುಣ್ಣಿಮೆಗೆ ಸಾಯ್ತಾನೆ, ಆದರೂ ಬೆಳೆ ಬರುತ್ತೆ ಅನ್ನೋ ನಂಬಿಕೆ ಉಳಿಯುತ್ತೆ. ಬಸಣ್ಣನೂ ಸಾಯ್ತಾನೆ, ಗೌಡ್ತಿಯ ಹೊಟ್ಟೆಯಲ್ಲಿ ಅವನ ಕೂಸು ಉಳಿಯುತ್ತೆ. ಮುಂದೆ ಗೌಡನ ಆಸ್ತಿಗೆ ವಾರಸುದಾರ ಬಸಣ್ಣನ ಮಗು! ಮಳೆಯನ್ನೇ ನಂಬಿದ ನಿಮ್ಮ ಕಡೆಯ ಊರುಗಳಲ್ಲಿ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಕೆಲಸ ಮಾಡಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಎರಡು ಪ್ರಶ್ನೆ ಕೇಳಿ: ಜೋಕುಮಾರನ್ನ ಹೊತ್ತು ಬರ್ತಿದ್ದೋರು ಯಾರು? ನಮ್ಮ ಮನೆಯವರು ಯಾರಾದ್ರೂ ಫಾರಂ 7 ಹಾಕಿದ್ರಾ? ಉತ್ತರ ನಮಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.